ಕುಕ್ಕರು ಕೂಗಿತು, ಡಾಕ್ಟರು ಬಂದರು: ಇಂಗ್ಲಿಷಿನ 'ಅರ್' ಪ್ರತ್ಯಯದ ಸುತ್ತ

(ಅನುವಾದ ಕಲಿಯುವವರಿಗಾಗಿ ನಡೆದ ಒಂದು ಶಿಬಿರದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತುಸು ಬೆಳೆಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿಗೆ ಬರುವ ದಾರಿಯಲ್ಲಿ ಒಂದು ಕೋಳಿ ಅಂಗಡಿ ಸಿಗುತ್ತದೆ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಮೂರು ಸಾಲು ಬರೆದಿದ್ದಾರೆ: ಬ್ರಾಯ್ಲರ್, ಲೇಯರ್, ನಾಟಿ. ಎದುರಿಗೆ ಆ ದಿನದ ದರ. ನಾಟಿಯನ್ನು ಸದ್ಯಕ್ಕೆ ಬಿಡೋಣ. ಮಿಕ್ಕ ಎರಡು ಹೆಸರುಗಳ ಕೊನೆಯಲ್ಲಿ ಇರುವುದು ಒಂದೇ ಪ್ರತ್ಯಯ, ಇಂಗ್ಲಿಷಿನ ಇ ಮತ್ತು ಆರ್ ಎಂಬ ಎರಡಕ್ಷರ. ಲೇಯರ್ ಎಂದರೆ ಮೊಟ್ಟೆ ಇಡುವ ಕೋಳಿ, ಸರಿಯಾಗೇ ಇದೆ. ಹಾಗಾದರೆ ಬ್ರಾಯ್ಲರ್? ಬ್ರಾಯ್ಲ್ ಎಂದರೆ ನೇರ ಬೆಂಕಿಯ ಕಾವಿಗೆ ಹಿಡಿದು ಬೇಯಿಸುವುದು. ಆ ಕೋಳಿ ಯಾರನ್ನೂ ಬೇಯಿಸುವುದಿಲ್ಲ. ಅದನ್ನೇ ಬೇಯಿಸುತ್ತಾರೆ. ಒಂದೇ ಹಲಗೆಯ ಮೇಲೆ, ಒಂದರ ಕೆಳಗೆ ಒಂದು ಇರುವ ಎರಡು ಪದಗಳಲ್ಲಿ ಒಂದು ಕೆಲಸ ಮಾಡುವುದನ್ನು ಹೇಳುತ್ತದೆ, ಇನ್ನೊಂದು ಆ ಕೆಲಸಕ್ಕೆ ಈಡಾಗುವುದನ್ನು ಹೇಳುತ್ತದೆ. ಪ್ರತ್ಯಯ ಮಾತ್ರ ಎರಡಕ್ಕೂ ಅದೇ.

ಶಾಲೆಯಲ್ಲಿ ನಮಗೆಲ್ಲ ಹೇಳಿಕೊಟ್ಟದ್ದು ಒಂದು ಸಾಲಿನ ನಿಯಮ: ಕ್ರಿಯಾಪದಕ್ಕೆ 'ಅರ್' ಸೇರಿಸಿದರೆ ಅದನ್ನು ಮಾಡುವವನು ಎಂದಾಗುತ್ತದೆ. ಟೀಚ್, ಟೀಚರ್. ಡ್ರೈವ್, ಡ್ರೈವರ್. ನಾನೂ ಅದನ್ನೇ ಕಲಿತೆ, ಮೇಷ್ಟ್ರಾದ ಮೇಲೆ ಅದನ್ನೇ ಕಲಿಸಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಅಮ್ಮನ ಬಗ್ಗೆ ಪ್ರಬಂಧ ಬರೆದಿದ್ದಳು. 'ಮೈ ಮದರ್ ಈಸ್ ಎ ಗುಡ್ ಕುಕ್ಕರ್' ಎಂಬುದು ಅದರ ಎರಡನೆಯ ವಾಕ್ಯ. ನಾನು ಅದನ್ನು ಗಟ್ಟಿಯಾಗಿ ಓದಿದೆ. ತರಗತಿಯೆಲ್ಲ ನಕ್ಕಿತು. ಅವಳು ತಲೆ ತಗ್ಗಿಸಿ ಕೂತವಳು ಆ ಪಾಠ ಮುಗಿಯುವವರೆಗೂ ಎತ್ತಲಿಲ್ಲ. ನಾನು ಕೊಟ್ಟ ನಿಯಮವನ್ನು ಅವಳು ಅಕ್ಷರಶಃ ಪಾಲಿಸಿದ್ದಳು. ತಪ್ಪು ಇದ್ದದ್ದು ನಿಯಮದಲ್ಲಿ. ಅದು ನನಗೆ ಹೊಳೆಯಲು ಕೆಲವು ವರ್ಷಗಳೇ ಬೇಕಾದವು. ಇವತ್ತಿನ ಈ ಮಾತೆಲ್ಲ ಅವಳಿಗೆ ಅಂದು ನಾನು ಕೊಡಬೇಕಾಗಿದ್ದ ಉತ್ತರ ಎಂದೇ ತಿಳಿಯಿರಿ.

ಕುಕ್ ಎಂಬ ಪದದ ಕತೆ ಹೀಗಿದೆ. ಅಡುಗೆಯವನು ಎಂಬ ಅರ್ಥದ ಲ್ಯಾಟಿನ್ ಪದವೊಂದು ಹಳೆಯ ಇಂಗ್ಲಿಷಿಗೆ ನೇರವಾಗಿ ಬಂತು. ಬಂದದ್ದು ಹೆಸರುಪದವಾಗಿಯೇ. ಅಡುಗೆ ಮಾಡು ಎಂಬ ಕ್ರಿಯಾಪದ ಅದರಿಂದ ಹುಟ್ಟಿಕೊಂಡದ್ದು ಎಷ್ಟೋ ಶತಮಾನಗಳ ಮೇಲೆ. ಅಂದರೆ ಮನುಷ್ಯನ ಜಾಗದಲ್ಲಿ ಮೊದಲೇ ಒಬ್ಬರು ಕೂತಾಗಿತ್ತು. 19ನೇ ಶತಮಾನದಲ್ಲಿ ಅಡುಗೆಯ ಪಾತ್ರೆಗೆ, ಒಲೆಗೆ ಹೆಸರು ಬೇಕಾದಾಗ ಖಾಲಿ ಉಳಿದಿದ್ದ 'ಕುಕ್ಕರ್' ಅದಕ್ಕೆ ಹೋಯಿತು. ಕದಿಯುವವನಿಗೂ ಹೀಗೇ. ಥೀಫ್ ಎಂಬ ಹಳೆಯ ಪದ ಗಟ್ಟಿಯಾಗಿ ನೆಲೆ ನಿಂತಿರುವುದರಿಂದ ಕಳ್ಳನನ್ನು ಯಾರೂ 'ಸ್ಟೀಲರ್' ಎಂದು ಕರೆಯುವುದಿಲ್ಲ. ಓದುವ ಹುಡುಗ 'ಸ್ಟಡಿಯರ್' ಆಗಲಿಲ್ಲ, ಸ್ಟೂಡೆಂಟ್ ಮೊದಲೇ ಇದ್ದ. ಮಕ್ಕಳು ಇಂಥ ತಪ್ಪು ಮಾಡಿದಾಗ ಅವರು ಭಾಷೆಯ ಒಳಗಿನ ಯಂತ್ರವನ್ನು ಹಿಡಿದಿದ್ದಾರೆ ಎಂದೇ ಅರ್ಥ. ತಿದ್ದುವುದಕ್ಕೆ ಮುಂಚೆ ಅದಕ್ಕೊಂದು ಶಭಾಷ್ ಹೇಳಬೇಕು.

ಈಗ ಪ್ರತ್ಯಯದ ಮೂಲಕ್ಕೆ ಹೋಗೋಣ. ಲ್ಯಾಟಿನ್ನಿನಲ್ಲಿ 'ಆರಿಯುಸ್' ಎಂಬ ಪ್ರತ್ಯಯವಿತ್ತು. ಅದರ ಅರ್ಥ 'ಮಾಡುವವನು' ಅಲ್ಲ, 'ಅದಕ್ಕೆ ಸಂಬಂಧಪಟ್ಟ' ಎಂದು. ಇಂಗ್ಲಿಷ್ ಎಂಬ ಭಾಷೆ ಬೇರೆಯಾಗಿ ರೂಪ ತಳೆಯುವ ಮೊದಲೇ ಅದರ ಪೂರ್ವಜರಾದ ಜರ್ಮಾನಿಕ್ ನುಡಿಗಳು ಇದನ್ನು ಎರವಲು ಪಡೆದವು. ಹಳೆಯ ಇಂಗ್ಲಿಷಿನಲ್ಲಿ ಅದು 'ಎರೆ' ಆಯಿತು, ಬರುಬರುತ್ತಾ 'ಅರ್' ಆಗಿ ಸವೆಯಿತು. ಇಂಗ್ಲಿಷಿನ ಅತಿ ಮನೆಮಾತಿನ ಪ್ರತ್ಯಯವೇ ಹೊರಗಿನಿಂದ ಬಂದದ್ದು!

ಇದನ್ನು ಕೇಳಿ ನಾವು ಬೆರಗಾಗಬೇಕಿಲ್ಲ, ನಮ್ಮಲ್ಲೂ ಅದೇ ನಡೆದಿದೆ. ಬಳೆಗಾರ, ಹಾಡುಗಾರ, ಬರಹಗಾರ ಎನ್ನುವಾಗಿನ 'ಗಾರ' ಸಂಸ್ಕೃತದ 'ಕಾರ'ದಿಂದ ಬಂದದ್ದು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಕುಂಭಕಾರ ಸವೆದು ಕುಂಬಾರನಾದ. ಆಮೇಲೆ ನಾವು ಆ ಪ್ರತ್ಯಯವನ್ನು ಅಚ್ಚಗನ್ನಡದ ಬಳೆಗೆ, ಹಾಡಿಗೆ, ಬರಹಕ್ಕೆ ಅಂಟಿಸಿಕೊಂಡೆವು. ಈಗ ಅದು ಹೊರಗಿನದು ಎಂದು ಯಾರ ಕಿವಿಗೂ ಅನ್ನಿಸುವುದಿಲ್ಲ. 13ನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ತದ್ಧಿತಕ್ಕೆಂದೇ ಒಂದು ಪ್ರಕರಣ ಮೀಸಲಿಟ್ಟ. ಹೈಸ್ಕೂಲಿನಲ್ಲಿ ನಾವು ಬಾಯಿಪಾಠ ಮಾಡಿದ ಗಾರ, ಇಗ, ವಂತ, ಗುಳಿ ನಿಮಗೂ ನೆನಪಿರಬಹುದು. ನಮ್ಮ ವ್ಯಾಕರಣದ ಮಾತಿನಲ್ಲೇ ಹೇಳುವುದಾದರೆ, ಧಾತುವಿಗೆ ಹತ್ತಿದರೆ ಕೃತ್ತು, ನಾಮಕ್ಕೆ ಹತ್ತಿದರೆ ತದ್ಧಿತ. ಇಂಗ್ಲಿಷಿನ 'ಅರ್' ಎರಡೂ ಕೆಲಸ ಮಾಡುತ್ತದೆ. ಟೀಚರ್‌ನಲ್ಲಿ ಅದು ಕೃತ್ತು. ವಿಲೇಜರ್, ಲಂಡನರ್ ಎನ್ನುವಾಗ ತದ್ಧಿತ, ನಮ್ಮ ಕನ್ನಡಿಗನಲ್ಲಿರುವ 'ಇಗ'ದ ಹಾಗೆ. ಹಳ್ಳಿಯನ್ನು ಯಾರೂ 'ಮಾಡುವುದಿಲ್ಲ', ಹಳ್ಳಿಗೆ ಸೇರಿದವರು ಇರುತ್ತಾರೆ ಅಷ್ಟೆ.

'ಸಂಬಂಧಪಟ್ಟ' ಎಂಬ ಆ ಹಳೆಯ ಅರ್ಥವನ್ನು ಕೈಯಲ್ಲಿ ಹಿಡಿದುಕೊಂಡು ನೋಡಿದರೆ ಎಷ್ಟೋ ಗಂಟುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಸ್ಲೀಪರ್ ಕೋಚ್ ನಿದ್ದೆ ಮಾಡುವುದಿಲ್ಲ, ಅದರಲ್ಲಿ ನಾವು ಮಲಗುತ್ತೇವೆ. ಬೆಸ್ಟ್‌ಸೆಲ್ಲರ್ ಪುಸ್ತಕ ಏನನ್ನೂ ಮಾರುವುದಿಲ್ಲ, ತಾನೇ ಮಾರಾಟವಾಗುತ್ತದೆ. ಸ್ವೆಟರ್ ಬೆವರುವುದಿಲ್ಲ, ಬೆವರಿಸುತ್ತದೆ. ಮೊದಮೊದಲು ಅದನ್ನು ತೊಡುತ್ತಿದ್ದವರು ಬೆವರು ಸುರಿಸಿ ಮೈತೂಕ ಇಳಿಸಿಕೊಳ್ಳಬೇಕಾಗಿದ್ದ ಕ್ರೀಡಾಪಟುಗಳು. ಸಿಕ್ಸರ್‌ನಲ್ಲಿ ಕ್ರಿಯೆಯೇ ಇಲ್ಲ, ಇರುವುದು ಬರೀ ಆರು ಎಂಬ ಸಂಖ್ಯೆ. ಇಷ್ಟೆಲ್ಲ ಪದಗಳನ್ನು 'ಮಾಡುವವನು' ಎಂಬ ಒಂದೇ ಅಚ್ಚಿಗೆ ಹೊಯ್ಯಲು ಹೋದರೆ ಕೋಳಿಯ ಕೈಯಲ್ಲಿ ಸೌಟು ಕೊಟ್ಟ ಹಾಗಾಗುತ್ತದೆ.

ಇಂಗ್ಲೆಂಡಿನ ಮನೆತನಗಳ ಹೆಸರಿನಲ್ಲಿ ಈ ಪ್ರತ್ಯಯ ಹಳೆಯ ಊರುಗಳ ಕಸುಬುಗಳನ್ನು ಕಾಪಿಟ್ಟಿದೆ. ಬೇಕರ್, ಮಿಲ್ಲರ್, ಪಾಟರ್, ಥ್ಯಾಚರ್ ಎಂದರೆ ರೊಟ್ಟಿ ಸುಡುವವರು, ಹಿಟ್ಟಿನ ಗಿರಣಿಯವರು, ಕುಂಬಾರರು, ಹುಲ್ಲಿನ ಮಾಡು ಹೊದಿಸುವವರು. ವಾಕರ್ ಎಂಬ ಹೆಸರು ನನಗೆ ತುಂಬಾ ಇಷ್ಟ. ಅದು ದಾರಿಹೋಕನ ಹೆಸರಲ್ಲ. ನೇಯ್ದ ಉಣ್ಣೆಬಟ್ಟೆಯನ್ನು ನೀರಿನಲ್ಲಿ ಹಾಕಿ, ಅದರ ಮೇಲೆ ನಡೆದು, ತುಳಿತುಳಿದು ದಟ್ಟ ಮಾಡುತ್ತಿದ್ದ ಕಸುಬಿನವರು ವಾಕರ್‌ಗಳು. ನಮ್ಮ ಉತ್ತರ ಕರ್ನಾಟಕದಲ್ಲಿ ಬಡಿಗೇರ, ಕಂಬಾರ, ಪತ್ತಾರ ಎಂಬ ಅಡ್ಡಹೆಸರುಗಳು ಇರುವ ಹಾಗೇ ಇದು.

ಹೆಂಗಸರಿಗೆ ಹಳೆಯ ಇಂಗ್ಲಿಷಿನಲ್ಲಿ ಬೇರೆಯೇ ಪ್ರತ್ಯಯವಿತ್ತು, 'ಎಸ್ತ್ರೆ' ಎಂದು. ರೊಟ್ಟಿ ಸುಡುವವಳಿಂದ ಬ್ಯಾಕ್ಸ್‌ಟರ್, ನೇಯುವವಳಿಂದ ವೆಬ್‌ಸ್ಟರ್ ಎಂಬ ಹೆಸರುಗಳು ಬಂದವು. ಕಾಲ ಕಳೆದಂತೆ ಅದರ ಹೆಣ್ಣುಗುರುತು ಅಳಿಸಿಹೋಗಿ ಗ್ಯಾಂಗ್‌ಸ್ಟರ್, ಯಂಗ್‌ಸ್ಟರ್ ಎಲ್ಲ ಬಂದವು. ಒಂದು ಪದದಲ್ಲಿ ಮಾತ್ರ ಹೆಣ್ಣು ಉಳಿದಳು: ಸ್ಪಿನ್‌ಸ್ಟರ್. ನೂಲುವವಳು ಎಂದು ಅದರ ಅರ್ಥ. ತನ್ನ ಕೈಯಾರೆ ನೂಲು ತೆಗೆದು ಬದುಕುತ್ತಿದ್ದವಳ ಕಸುಬಿನ ಹೆಸರು ಮದುವೆಯಾಗದವಳು ಎಂಬ ಕಾನೂನಿನ ಪದವಾಯಿತು, ಆಮೇಲೆ ಚುಚ್ಚುಮಾತಾಯಿತು. ಇಂಗ್ಲೆಂಡಿನ ಮದುವೆ ದಾಖಲೆಗಳಲ್ಲಿ ಅದನ್ನು ಕೈಬಿಟ್ಟದ್ದು 2005ರಲ್ಲಿ. ಒಂದು ಕಸುಬಿನ ಹೆಸರಿಗೆ ಹೀಗಾದದ್ದನ್ನು ನೆನೆದಾಗಲೆಲ್ಲ ನನಗೆ ನೋವಾಗುತ್ತದೆ.

ಮನುಷ್ಯರ ಹೆಸರು ಯಂತ್ರಗಳಿಗೆ ಹೋದದ್ದು ಇನ್ನೊಂದು ದೊಡ್ಡ ಕತೆ. ಟೈಪ್‌ರೈಟರ್ ಎಂದರೆ 19ನೇ ಶತಮಾನದ ಕೊನೆಯಲ್ಲಿ ಯಂತ್ರವೂ ಹೌದು, ಅದರ ಮುಂದೆ ಕೂತು ಬೆರಳಚ್ಚು ಮಾಡುವವರೂ ಹೌದು. ಕಂಪ್ಯೂಟರ್ ಅಂತೂ ಮುನ್ನೂರು ವರ್ಷ ಮನುಷ್ಯರ ಹೆಸರೇ ಆಗಿತ್ತು. ಇದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಕಲ್ಕತ್ತೆಯ ರಾಧಾನಾಥ ಸಿಕ್ದಾರ್ 1831ರಲ್ಲಿ ಮಹಾ ತ್ರಿಕೋನಮಿತಿ ಸರ್ವೆಗೆ ಸೇರಿದ್ದು 'ಕಂಪ್ಯೂಟರ್' ಆಗಿ. ಸಂಬಳ ತಿಂಗಳಿಗೆ 30 ರೂಪಾಯಿ. ಮುಂದೆ ಎವರೆಸ್ಟ್ ಎಂಬ ಹೆಸರು ಪಡೆದ ಶಿಖರ ಎಲ್ಲಕ್ಕಿಂತ ಎತ್ತರದ್ದು ಎಂಬ ಲೆಕ್ಕ 1852ರಲ್ಲಿ ಅವರ ಮೇಜಿನಿಂದ ಬಂತು. ಕೋನಗಳ ಅಳತೆ ತರುವವರು ಬೇರೆ, ಗಾಳಿಯಲ್ಲಿ ಬೆಳಕು ಬಾಗುವುದನ್ನು ಕಳೆದು, ಕೂಡಿ, ಗುಣಿಸಿ ಅಂಕಿ ತೆಗೆಯುವವರು ಬೇರೆ. ಆ ಎರಡನೆಯವರಿಗೆ ಇದ್ದ ಹೆಸರು ಕಂಪ್ಯೂಟರ್.

ಕನ್ನಡದಲ್ಲಿ ನಾವು ಯಂತ್ರಕ್ಕೆ 'ಗಣಕ' ಎಂದು ಹೆಸರಿಟ್ಟೆವು. ಅದನ್ನು ಆರಿಸಿದವರಿಗೆ ಗೊತ್ತಿತ್ತೋ ಏನೋ, ಸಂಸ್ಕೃತದಲ್ಲಿ ಗಣಕ ಎಂದರೂ ಮನುಷ್ಯನೇ: ಲೆಕ್ಕಿಗ, ಜ್ಯೋತಿಷಿ. ಎರಡು ಭಾಷೆಗಳಲ್ಲಿ ಎರಡು ಪದಗಳು ಒಂದೇ ದಾರಿ ನಡೆದು ಒಂದೇ ಪೆಟ್ಟಿಗೆಯೊಳಗೆ ಬಂದು ಕೂತವು.

ಅನುವಾದ ಮಾಡುವ ನಮಗೆ ಮುಖ್ಯವಾದ ಸಂಗತಿ ಈಗ ಬರುತ್ತದೆ. ಇಂಗ್ಲಿಷಿನ 'ಅರ್' ಮನುಷ್ಯ ಯಾವುದು, ವಸ್ತು ಯಾವುದು ಎಂದು ಹೇಳುವುದಿಲ್ಲ. ಕನ್ನಡದ ಕ್ರಿಯಾಪದ ಹೇಳದೆ ಬಿಡುವುದಿಲ್ಲ. 'ಪ್ರಿಂಟರ್ ಬಂದರು' ಎಂದರೆ ಮುದ್ರಣಾಲಯದವರು ಬಾಗಿಲಲ್ಲಿ ನಿಂತಿದ್ದಾರೆ. 'ಪ್ರಿಂಟರ್ ಬಂತು' ಎಂದರೆ ರಟ್ಟಿನ ಪೆಟ್ಟಿಗೆ ಬಂದಿದೆ. 'ಬೌನ್ಸರ್ ಬಂತು' ಎಂದರೆ ಬ್ಯಾಟ್ಸ್‌ಮನ್ ತಲೆ ತಗ್ಗಿಸಬೇಕು. 'ಬೌನ್ಸರ್ ಬಂದ' ಎಂದರೆ ಗಲಾಟೆ ಮಾಡುತ್ತಿದ್ದವರು ಎದ್ದು ಹೊರಡಬೇಕು. ಪದ ಬದಲಾಗಲಿಲ್ಲ, ಅಕ್ಷರವೂ ಬದಲಾಗಲಿಲ್ಲ. ಒಂದು 'ತು', ಒಂದು 'ದ' ಇಡೀ ದೃಶ್ಯವನ್ನು ಕಟ್ಟಿಕೊಟ್ಟವು.

ಇದಕ್ಕಿಂತ ಸೊಗಸಾದದ್ದು ಇನ್ನೊಂದಿದೆ. ಇಂಗ್ಲೆಂಡಿನ ಬಹುಪಾಲು ಜನ ಟೀಚರ್ ಎನ್ನುವಾಗ ಕೊನೆಯ ರಕಾರವನ್ನು ಉಚ್ಚರಿಸುವುದೇ ಇಲ್ಲ. ನಾವು ಅದನ್ನು ಬಿಗಿಯಾಗಿ ಹಿಡಿದುಕೊಂಡೆವು. ಅದರ ಮುಂದೆ ನಮ್ಮ ರೂಢಿಯ ಉಕಾರ ಹಚ್ಚಿದೆವು. ಡಾಕ್ಟರು, ಡ್ರೈವರು, ಕಂಡಕ್ಟರು. ಕಿವಿಯಿಟ್ಟು ಕೇಳಿ: ಇದು ನಮ್ಮ ಗೌರವದ 'ಅರು' ತಾನೇ? ಅಣ್ಣನವರು, ರಾಯರು, ಗುರುಗಳು ಬಂದರು ಎನ್ನುವಾಗಿನ ಅದೇ ಧ್ವನಿ. ಮಾಸ್ಟರ್ ಎಂಬ ಪದ ಮೇಷ್ಟ್ರು ಆದದ್ದನ್ನು ನೋಡಿ. ಅದರ ರಕಾರ ಈಗ ಇಂಗ್ಲಿಷಿನದ್ದಲ್ಲ, ಬಹುವಚನದ ಗೌರವದ್ದು. 'ಮೇಷ್ಟ್ರ ಮನೆ' ಎನ್ನುತ್ತೇವೆ, 'ರಾಯರ ಮನೆ' ಎಂದ ಹಾಗೆ. 'ಮೇಷ್ಟ್ರನ ಮನೆ' ಎಂದು ನಾನು ಯಾರ ಬಾಯಲ್ಲೂ ಕೇಳಿಲ್ಲ. ಆಕಸ್ಮಿಕವಾಗಿ ಹೊಂದಿಕೊಂಡ ಒಂದು ಧ್ವನಿಯಿಂದ ಪರಭಾಷೆಯ ಪದಕ್ಕೆ ನಮ್ಮಲ್ಲಿ ಮಣೆ ಸಿಕ್ಕಿತು. ಕುಕ್ಕರು, ಮಿಕ್ಸರು, ಟ್ರ್ಯಾಕ್ಟರುಗಳಿಗೂ ಅದೇ ಉಕಾರ ಬಂದಿದೆ. ಆದರೆ ಕ್ರಿಯಾಪದ ಕಾಯುತ್ತದೆ: ಕುಕ್ಕರು ಕೂಗಿತು, ಡಾಕ್ಟರು ಬಂದರು.

ನೀವು ಕತೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೀರಿ ಎಂದುಕೊಳ್ಳಿ. ಮೊದಲ ವಾಕ್ಯದಲ್ಲೇ ಒಬ್ಬ 'ಸಿಂಗರ್' ವೇದಿಕೆ ಹತ್ತುತ್ತಾರೆ. ಹೆಣ್ಣೋ ಗಂಡೋ ಎಂಬುದು ಮೂರನೆಯ ಪುಟದವರೆಗೆ ತಿಳಿಯುವುದಿಲ್ಲ, ಕತೆಗಾರರಿಗೆ ಬೇಕಾಗಿರುವುದೂ ಅದೇ. ಕನ್ನಡದಲ್ಲಿ ಹಾಡುಗಾರ ಎಂದರೆ ಗುಟ್ಟು ರಟ್ಟಾಯಿತು, ಹಾಡುಗಾರ್ತಿ ಎಂದರೂ ರಟ್ಟಾಯಿತು. ಹಾಡುಗಾರರು ಎಂದರೆ ಒಬ್ಬರೋ ನಾಲ್ವರೋ ಎಂಬ ಅನುಮಾನ. ಇಲ್ಲಿ ನಾನು ಗೌರವದ ಬಹುವಚನದ ಕಡೆಗೇ ವಾಲುತ್ತೇನೆ, 'ಒಬ್ಬರು' ಎಂಬ ಮಾತನ್ನು ಹತ್ತಿರದಲ್ಲೇ ಎಲ್ಲಾದರೂ ಇಟ್ಟು: 'ಹಾಡುವವರೊಬ್ಬರು ವೇದಿಕೆ ಹತ್ತಿದರು'. ನಮ್ಮಲ್ಲಿ ಓದುಗ, ಕೇಳುಗ, ನೋಡುಗ ಎಂದು ಧಾತುವಿಗೇ ಹತ್ತುವ ಚುರುಕಾದ ರೂಪಗಳೂ ಇವೆ. ಇವುಗಳನ್ನು ಇನ್ನೂ ಧೈರ್ಯವಾಗಿ ಬೆಳೆಸಬಹುದು ಎಂದು ನನಗೆ ಅನ್ನಿಸುತ್ತದೆ. ಸಂಸ್ಕೃತದ 'ಕ' ಹತ್ತಿದ ಚಾಲಕ, ನಿರ್ವಾಹಕ, ಸಂಪಾದಕ ಬಸ್ಸಿನ ಹಲಗೆಗೆ, ಸರ್ಕಾರಿ ಕಾಗದಕ್ಕೆ ಒಗ್ಗಿವೆ. ಮಾತಿನಲ್ಲಿ ಡ್ರೈವರಣ್ಣನನ್ನು ಚಾಲಕಣ್ಣ ಎಂದು ಯಾರು ಕರೆದಾರು?

'ಒಆರ್', 'ಎಆರ್' ಕಾಗುಣಿತಗಳ ಬಗ್ಗೆ ಕೇಳುತ್ತಿರುತ್ತಾರೆ, ಚಿಕ್ಕದಾಗಿ ಹೇಳಿಬಿಡುತ್ತೇನೆ. ಆಪರೇಟ್, ಟ್ರಾನ್ಸ್‌ಲೇಟ್, ಜನರೇಟ್ ಹೀಗೆ 'ಏಟ್' ಎಂದು ಮುಗಿಯುವ ಕ್ರಿಯಾಪದಗಳಿಗೆ ಒ ಮತ್ತು ಆರ್ ಬರುತ್ತದೆ. ಆಕ್ಟರ್, ಡಾಕ್ಟರ್‌ಗಳಲ್ಲೂ ಅದೇ. ಇದು ಲ್ಯಾಟಿನ್ನಿನ 'ತೋರ್', ಸಂಸ್ಕೃತದ ಕರ್ತೃ, ದಾತೃ, ನೇತೃಗಳಲ್ಲಿರುವ 'ತೃ'ವಿಗೆ ಖಾಸಾ ದಾಯಾದಿ. ಡಾಕ್ಟರ್ ಎಂಬ ಪದದ ಮೂಲ ಅರ್ಥ ಕಲಿಸುವವನು. ಬೆಗ್ಗರ್, ಸುಳ್ಳುಗಾರ ಎಂಬ ಅರ್ಥದ ಲಯರ್, ಇಂಥ ಕೆಲವಕ್ಕೆ ಎ ಮತ್ತು ಆರ್. ಕನ್ನಡ ಲಿಪಿಯಲ್ಲಿ ಬರೆಯುವಾಗ ಈ ಚಿಂತೆಯೇ ಇಲ್ಲ. ಇನ್ನು ಬಿಗ್ಗರ್, ಟಾಲರ್ ಎಂದು ಹೋಲಿಸುವ 'ಅರ್' ಹುಟ್ಟಿನಿಂದಲೇ ಬೇರೆ ಪ್ರತ್ಯಯ. ನಾವು 'ಅದಕ್ಕಿಂತ ಇದು ದೊಡ್ಡದು' ಎಂದು 'ಇಂತ'ದಲ್ಲಿ ಕೆಲಸ ಮುಗಿಸುವವರು, ನಮಗೆ ಅದರ ಹಂಗಿಲ್ಲ.

'ಅರ್' ಎಂದು ಕೊನೆಗೊಂಡದ್ದೆಲ್ಲ ಈ ಪ್ರತ್ಯಯವೂ ಅಲ್ಲ. ಡಿನ್ನರ್‌ನಲ್ಲಿರುವುದು ಹಳೆಯ ಫ್ರೆಂಚಿನ ಕ್ರಿಯಾಪದದ ಬಾಲ. ಗುತ್ತಿಗೆಯವರು ಹಾಕುವ ಟೆಂಡರ್ ಕೂಡ ಹಾಗೇ, ಕೈ ಮುಂದೆ ಚಾಚಿ ಒಡ್ಡು ಎಂಬ ಫ್ರೆಂಚ್ ಕ್ರಿಯಾಪದ. ಮಾಸ್ಟರ್ ಮತ್ತು ಮಿನಿಸ್ಟರ್ ಪದಗಳ ಹಿಂದಿರುವ ಲ್ಯಾಟಿನ್ ರೂಪಗಳಲ್ಲಿ ಮೊದಲನೆಯದು 'ಹೆಚ್ಚು' ಎಂಬುದರಿಂದ ಹುಟ್ಟಿದೆ, ಎರಡನೆಯದು 'ಕಡಿಮೆ' ಎಂಬುದರಿಂದ. ಮೇಷ್ಟ್ರು ಹಿರಿಯರು, ಮಿನಿಸ್ಟರು ಸೇವಕರು.

ಬರ್ಗರ್ ಎಂಬ ತಿಂಡಿಯ ಕತೆ ಗೊತ್ತಲ್ಲವೇ? ಜರ್ಮನಿಯಲ್ಲಿ ಹ್ಯಾಂಬರ್ಗ್ ಎಂಬ ಊರಿದೆ. ಆ ಊರಿನವನು, ಊರಿನದು ಹ್ಯಾಂಬರ್ಗರ್. ಲಂಡನರ್ ಇದ್ದ ಹಾಗೆ. ಇಂಗ್ಲಿಷ್ ಕಿವಿಗೆ ಮೊದಲ ಭಾಗ 'ಹ್ಯಾಮ್', ಅಂದರೆ ಹಂದಿಮಾಂಸ, ಎಂದು ಕೇಳಿಸಿತು. ಅದನ್ನು ಕಿತ್ತು ಅಲ್ಲಿಗೆ ಚೀಸ್ ಹಾಕಿದರು, ನಾವು ವೆಜ್ ಹಾಕಿದೆವು. ಊರಿನ ಹೆಸರಿನ ಹಿಂಬದಿಯ ತುಂಡೊಂದು ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ತಿಂಡಿಯಾಗಿ ಕೂತಿದೆ. ಇದಕ್ಕೆ ತಿರುಗುಮುರುಗಾದದ್ದೂ ಉಂಟು. ಎಡಿಟರ್ ಎಂಬ ಪದ ಮೊದಲು ಬಂತು. ಟೀಚರ್‌ನಿಂದ ಟೀಚ್ ಸಿಗುವ ಹಾಗೆ ಅದರಿಂದಲೂ ಒಂದು ಕ್ರಿಯಾಪದ ಸಿಗಬೇಕಲ್ಲ ಎಂದು ಬಾಲ ಕತ್ತರಿಸಿ ಎಡಿಟ್ ಎಂಬುದನ್ನು ಆಮೇಲೆ ಮಾಡಿಕೊಂಡರು. ಬೇಬಿಸಿಟರ್ ಕೂಡ ಹೀಗೇ. ಮಗು ಮೊದಲು ಹುಟ್ಟಿ ತಾಯಿ ಆಮೇಲೆ ಬಂದಳು. ಆ ಎಂಟನೇ ತರಗತಿಯ ಹುಡುಗಿ ಮಾಡಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಇಡೀ ಸಮಾಜ ಮಾಡಿದಾಗ ಅದು ನಿಘಂಟಿಗೆ ಹೋಯಿತು, ಅವಳು ಒಬ್ಬಳೇ ಮಾಡಿದಾಗ ಕೆಂಪು ಶಾಯಿಗೆ ಸಿಕ್ಕಿತು.

ಈಗ ನಾನು ತರಗತಿಯಲ್ಲಿ ಆ ಒಂದು ಸಾಲಿನ ನಿಯಮ ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ, ತೋಟದಲ್ಲಿ, ರಸ್ತೆಯಲ್ಲಿ ಕಿವಿಗೆ ಬಿದ್ದ 'ಅರ್' ಪದಗಳನ್ನು ಬರೆದು ತನ್ನಿ, ಪಕ್ಕದಲ್ಲಿ 'ಬಂತು' ಎನ್ನುತ್ತೀರೋ 'ಬಂದರು' ಎನ್ನುತ್ತೀರೋ ಅದನ್ನೂ ಬರೆಯಿರಿ ಎಂದು ಹೇಳುತ್ತೇನೆ. ಬಯಲುಸೀಮೆಯ ಮಕ್ಕಳು ಟಿಲ್ಲರ್, ಟ್ಯಾಂಕರ್, ಪಂಪ್‌ಸೆಟ್ಟಿನ ಸ್ಟಾರ್ಟರ್ ತರುತ್ತಾರೆ. ಮಲೆನಾಡಿನವರು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ತರುತ್ತಾರೆ.

ಹೋದ ವರ್ಷ ಕಾಫಿ ಎಸ್ಟೇಟಿನಿಂದ ಬರುವ ಒಬ್ಬಳು ತನ್ನ ಪಟ್ಟಿಯಲ್ಲಿ 'ರೈಟರ್' ಎಂದು ಬರೆದು, ಪಕ್ಕದಲ್ಲಿ 'ಬಂದರು, ನಮ್ಮಪ್ಪ' ಎಂದು ಸೇರಿಸಿದ್ದಳು. ಈಸ್ಟ್ ಇಂಡಿಯಾ ಕಂಪನಿಯ ಅತಿ ಕೆಳಗಿನ ದರ್ಜೆಯ ನೌಕರರಿಗೆ ರೈಟರ್ ಎಂಬ ಹೆಸರಿತ್ತು, ಲೆಕ್ಕದ ಪುಸ್ತಕ ಬರೆಯುವವರು ಎಂದು. ಕೋಲ್ಕತ್ತದ ರೈಟರ್ಸ್ ಬಿಲ್ಡಿಂಗ್ ಅವರಿಗಾಗಿಯೇ ಕಟ್ಟಿದ್ದು. ನಮ್ಮ ಪೊಲೀಸ್ ಠಾಣೆಗಳಲ್ಲಿ, ಎಸ್ಟೇಟುಗಳಲ್ಲಿ ಆ ಪದ ಅದೇ ಹಳೆಯ ಅರ್ಥದಲ್ಲಿ ಇನ್ನೂ ಉಸಿರಾಡುತ್ತಿದೆ. ಇದನ್ನೆಲ್ಲ ನಾನು ತರಗತಿಗೆ ಹೇಳುವ ಮೊದಲು ಹಿಂದಿನ ಬೆಂಚಿನ ಹುಡುಗನೊಬ್ಬ, "ನಿಮ್ಮಪ್ಪ ಯಾವ ಪುಸ್ತಕ ಬರ್ದಿದಾರೆ?" ಎಂದು ಕೇಳಿದ. ಅವಳು ತಲೆ ತಗ್ಗಿಸಲಿಲ್ಲ. ಹಿಂದಕ್ಕೆ ತಿರುಗಿ, "ಚೆಕ್‌ರೋಲು. ದಿನಾ ಬರೀತಾರೆ. ಅದರಲ್ಲಿ ಹೆಸರು ಇದ್ರೇನೇ ಎಲ್ಲರಿಗೂ ಸಂಬಳ" ಎಂದಳು.